ಇಪ್ಪತ್ತೊಂದು ಟನ್ನು, ಅದೆಲ್ಲಿ ಹೋಗುತ್ತೆ ಅಂದಿದ್ದ ಡ್ರೈವರ್

ಸ್ವಂತ ಮಷಿನ್ ಇಟ್ಟವರು, ಲೋನ್ ಮಾಡಿ ತಗೋಬೇಕು ಅಂತಿರೋರು, ಹಿಟಾಚಿ ಓಡಿಸೋ ಆಪರೇಟರ್‌ಗಳು ಇದನ್ನ ದಯವಿಟ್ಟು ಪೂರ್ತಿ ಓದಿ. ಕಳೆದ ವರ್ಷ ಜೂನ್‌ನಲ್ಲಿ ನನ್ನ ಮಷಿನ್ ಟ್ರೈಲರ್ ಮೇಲಿಂದ ಜಾರಿ ಕಾಫಿ ತೋಟದ ಚರಂಡಿಗೆ ಬಿತ್ತು. ಯಾರಿಗೂ ಏನೂ ಆಗಲಿಲ್ಲ. ಆದರೆ ಆಗದೇ ಇದ್ದದ್ದು ನಮ್ಮ ಜಾಣತನದಿಂದಲ್ಲ, ಅದನ್ನೂ ಹೇಳ್ತೀನಿ.

ನಮ್ಮ ಕಡೆ ಮಣ್ಣು ಅಗೆಯೋ ಮಷಿನ್ನುಗಳಲ್ಲಿ ಟೈರಿಂದು ಅಂದರೆ ಜೆಸಿಬಿ, ಚೈನಿಂದು ಅಂದರೆ ಹಿಟಾಚಿ. ಮೈಮೇಲೆ ಯಾವ ಕಂಪನಿ ಹೆಸರಿದ್ದರೂ ಅಷ್ಟೇ. ಇಲ್ಲೂ ಹಾಗೇ ಬರೆದಿದ್ದೀನಿ.

ತಿಪಟೂರು ಹತ್ತಿರ ಕೆರೆ ಹೂಳೆತ್ತೋ ಕೆಲಸ ಮುಗಿದಿತ್ತು. ಮೂಡಿಗೆರೆ ಕಡೆ ಒಂದು ಎಸ್ಟೇಟಿನಲ್ಲಿ ಕೃಷಿಹೊಂಡ ತೋಡೋ ಕೆಲಸ ಸಿಕ್ಕಿತ್ತು, ಮಳೆ ಜೋರಾಗೋ ಮುಂಚೆ ಬನ್ನಿ ಅಂತ ಅವರ ಅವಸರ. ನನಗೆ ಕಂತಿನ ಅವಸರ. ಎಂದಿನ ಟ್ರೈಲರ್‌ನವರು 38 ಸಾವಿರ ಹೇಳಿದರು, ಅದೂ ಎರಡು ದಿನ ಬಿಟ್ಟು. ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆ. ಆ ಬ್ರೋಕರ್ 22 ಸಾವಿರಕ್ಕೆ ಒಪ್ಪಿದ, ಇವತ್ತೇ ಗಾಡಿ ಕಳಿಸ್ತೀನಿ ಅಂದ. ವಾಟ್ಸಾಪಿನಲ್ಲಿ ಫೋಟೋನೂ ಬಂತು. ಹೊಸ ಲೋಬೆಡ್ (ತಳ ನೆಲಕ್ಕೆ ಹತ್ತಿರ ಇರೋ ಟ್ರೈಲರ್), ಹಿಂದೆ ಎರಡು ರ‍್ಯಾಂಪು, ತಳಕ್ಕೆ ಹಲಗೆ. ಐದು ಸಾವಿರ ಅಡ್ವಾನ್ಸ್ ಹಾಕಿಬಿಟ್ಟೆ.

ಸಂಜೆ ಏಳಕ್ಕೆ ಬಂದದ್ದು ಬೇರೆ ಗಾಡಿ. ನೆಲದಿಂದ ಎತ್ತರ ಇದ್ದ ಹಳೇ ಸೆಮಿ ಲೋಬೆಡ್ಡು. ರ‍್ಯಾಂಪ್ ಇಲ್ಲ, ಹಲಗೆ ಇಲ್ಲ, ಸವೆದು ನುಣ್ಣಗಾದ ತಗಡಿನ ತಳ. ನಂಬರ್ ಪ್ಲೇಟೂ ಫೋಟೋದಲ್ಲಿದ್ದದ್ದಲ್ಲ. ಕೇಳಿದ್ದಕ್ಕೆ ಬ್ರೋಕರ್, "ಆ ಗಾಡಿ ಬೇರೆ ಲೋಡಿಗೆ ಹೋಯ್ತು ಅಣ್ಣ, ಇದೂ ನಮ್ಮದೇ" ಅಂದ. ಅಲ್ಲೇ ವಾಪಸ್ ಕಳಿಸಿದ್ದರೆ ನನಗೆ ಐದು ಸಾವಿರ ಹೋಗುತ್ತಿತ್ತು, ಅಷ್ಟೇ. ಆದರೆ ಕತ್ತಲಾಗ್ತಿತ್ತು, ಮೋಡ ಕವಿದಿತ್ತು, ಟ್ರೈಲರನ್ನ ಏರಿಯ ದಿಬ್ಬಕ್ಕೆ ಹಿಂದು ಮಾಡಿ ನಿಲ್ಲಿಸಿದರೆ ಮಷಿನ್ ಹತ್ತುತ್ತೆ ಅಂತ ನನ್ನ ಆಪರೇಟರೇ ಹೇಳಿದ. ಹತ್ತಿಸಿದೆವು. ಹಾಗೇ ಬಂಡೆ ಒಡೆಯೋ ರಾಕ್ ಬ್ರೇಕರನ್ನೂ ಮೇಲಿಟ್ಟೆವು.

ಈಗ ಗಮನಿಸಿ. ಕೆರೆಯೊಳಗಿಂದ ನೇರ ಬಂದ ಮಷಿನ್ನು, ಟ್ರ್ಯಾಕ್ ತುಂಬಾ ಹಸಿ ಜೇಡಿ. ಕೆಳಗೆ ನುಣ್ಣನೆ ತಗಡು. 600 ಮಿ.ಮೀ. ಶೂ (ಟ್ರ್ಯಾಕಿನ ಪಟ್ಟಿ) ಹಾಕಿದ ನನ್ನ ಮಷಿನ್ ಅಂಚಿಂದಂಚಿಗೆ 2.8 ಮೀಟರ್, ಟ್ರೈಲರ್ ತಳ 2.6. ಅಂದರೆ ಎರಡೂ ಕಡೆ ನಾಲ್ಕು ನಾಲ್ಕು ಬೆರಳಿಗಿಂತ ಹೆಚ್ಚೇ ಟ್ರ್ಯಾಕು ಗಾಳಿಯಲ್ಲಿತ್ತು. ಕಟ್ಟೋಕೆ ಡ್ರೈವರ್ ತೆಗೆದದ್ದು ಎರಡು ಸರಪಳಿ, ಒಂದು ನೈಲಾನ್ ಬೆಲ್ಟು. ಸರಪಳಿ ಎಳೆದು ಬಿಗಿಮಾಡೋ ಬೈಂಡರ್ ಒಂದೇ ಇತ್ತು, ಇನ್ನೊಂದನ್ನ ಕಬ್ಬಿಣದ ರಾಡ್ ತಿರುಚಿ ನಿಲ್ಲಿಸಿದ. "ಇಷ್ಟೇನಾ?" ಅಂದೆ. ನಕ್ಕ. "ಇಪ್ಪತ್ತೊಂದು ಟನ್ನು ಅಣ್ಣ, ಅದೆಲ್ಲಿ ಹೋಗುತ್ತೆ? ಅದರ ಭಾರಕ್ಕೇ ಕೂತಿರುತ್ತೆ."

ನಾನೂ ಹೌದಲ್ಲ ಅಂದುಕೊಂಡೆ. ಹನ್ನೆರಡು ವರ್ಷ ಮಷಿನ್ ಜೊತೆ ಇದ್ದವನು ನಾನು. ಆದರೂ ಲೋಡಿಂಗ್ ಅನ್ನೋದು ಲಾರಿಯವರ ಕೆಲಸ, ನಮಗ್ಯಾಕೆ ಅನ್ನೋ ಧೋರಣೆ. ಆಮೇಲೆ ತಿಳಿದವರೊಬ್ಬರು ಕೂರಿಸಿಕೊಂಡು ಲೆಕ್ಕ ಹೇಳಿದರು. ಜೋರಾಗಿ ಬ್ರೇಕ್ ಹಾಕಿದಾಗ ಸರಕು ಅದರ ತೂಕದ ಶೇಕಡಾ 80ರಷ್ಟು ಬಲದಲ್ಲಿ ಮುಂದಕ್ಕೆ ನುಗ್ಗುತ್ತೆ ಅಂತ ಹಿಡಿದು ಕಟ್ಟಬೇಕಂತೆ, ತಿರುವಿನಲ್ಲಿ ಪಕ್ಕಕ್ಕೆ ಅರ್ಧ ತೂಕ. 21 ಟನ್ನಿಗೆ ಮುಂದಕ್ಕೆ ಸುಮಾರು 17 ಟನ್, ಪಕ್ಕಕ್ಕೆ ಹತ್ತೂವರೆ. ಗ್ರೇಡ್ 80 (ಉಕ್ಕಿನ ಗಟ್ಟಿತನದ ದರ್ಜೆ) ಇರೋ ಒಳ್ಳೇ 10 ಮಿ.ಮೀ. ಸರಪಳಿಗೇ ಎತ್ತುವಾಗಿನ ಸುರಕ್ಷಿತ ಮಿತಿ 3.15 ಟನ್. ಅವನ ಸರಪಳಿಗೆ ಗ್ರೇಡಿನ ಗುರುತೇ ಇರಲಿಲ್ಲ. ಮಿಕ್ಕ ಬಲವನ್ನೆಲ್ಲ ತಳದ ಹಿಡಿತವೇ ತಡೀಬೇಕು. ಹಸಿ ಜೇಡಿ ಮೆತ್ತಿದ ಕಬ್ಬಿಣ ನುಣ್ಣನೆ ತಗಡಿನ ಮೇಲೆ ಏನು ಹಿಡಿಯುತ್ತೆ? ದೋಸೆ ಹೆಂಚಿಗೆ ಎಣ್ಣೆ ಸವರಿದ ಹಾಗೆ.

ಅರಸೀಕೆರೆ ದಾಟಿ ಒಂದು ಹಳ್ಳಿಯಲ್ಲಿ ಮೊದಲ ಪೆಟ್ಟು. ಟ್ರೈಲರ್ ತಳದ ಉದ್ದ ಸಾಲದ್ದಕ್ಕೆ ಬೂಮ್ (ಮಷಿನ್ನಿನ ಉದ್ದ ತೋಳು) ಪೂರ್ತಿ ಮಲಗಿರಲಿಲ್ಲ, ಮೊಣಕೈ ಎತ್ತಿದ ಹಾಗೆ ನಿಂತಿತ್ತು. ರಸ್ತೆಗೆ ಅಡ್ಡ ಇದ್ದ ಕೇಬಲ್ ವೈರುಗಳನ್ನ ಕಿತ್ತುಕೊಂಡು ಹೋದೆವು. ಊರವರು ಸುತ್ತುವರಿದರು, 3,500 ಕೊಟ್ಟು ಕೈಮುಗಿದೆ. ಅದು ಕರೆಂಟಿನ ತಂತಿ ಆಗಿರಲಿಲ್ಲ ಅನ್ನೋದು ಪುಣ್ಯ.

ನಾನು ಹಿಂದೆ ಬೊಲೆರೋದಲ್ಲಿದ್ದೆ. ಈಗ ಹೇಳೋ ವಿಷಯಕ್ಕೇ ಮುಖ್ಯವಾಗಿ ಇದನ್ನ ಬರೀತಿರೋದು. ಇಂಥ ಪ್ರಯಾಣದಲ್ಲಿ ನನ್ನ ಆಪರೇಟರ್ ಹುಡುಗ ಮಷಿನ್ ಕ್ಯಾಬಿನ್ನಿನಲ್ಲೇ ಮಲಗ್ತಿದ್ದ. ಒಳ್ಳೇ ಸೀಟು, ಬಾಗಿಲು ಹಾಕಿಕೊಂಡರೆ ಚಳಿ ಇಲ್ಲ, ಫೋನ್ ಚಾರ್ಜಿಗೂ ಆಗುತ್ತೆ. ಎಷ್ಟೋ ಆಪರೇಟರ್‌ಗಳು ಹೀಗೇ ಮಾಡ್ತಾರೆ, ಓನರ್‌ಗಳಿಗೆ ಗೊತ್ತಿದ್ದೂ ಸುಮ್ಮನಿರ್ತೀವಿ. ಆ ರಾತ್ರಿಯೂ ಅಲ್ಲೇ ಮಲಗಿದ್ದ. ಕಡೂರಿನಲ್ಲಿ ಊಟಕ್ಕೆ ನಿಲ್ಲಿಸಿದಾಗ ಮಳೆ ಹಿಡೀತು. ಮಷಿನ್ನಿನ ಒಂದು ಪಕ್ಕದ ಗಾಜು ಹಿಂದಿನ ವಾರವಷ್ಟೇ ಕಲ್ಲು ಸಿಡಿದು ಒಡೆದಿತ್ತು. ಹಾಕಿಸ್ಕೊಡಿ ಅಂತ ಅವನು ಎರಡು ಸಲ ಹೇಳಿದ್ದ, ನಾನು ಮುಂದೂಡಿದ್ದೆ. ನೀರು ಒಳಗೆ ಹೊಡೆಯುತ್ತೆ ಅಂತ ಬೈದುಕೊಂಡು ಟ್ರೈಲರಿನ ಮುಂದಿನ ಕ್ಯಾಬಿನ್ನಿಗೆ ಹೋಗಿ ಕೂತ.

ಚಿಕ್ಕಮಗಳೂರು ಬಿಟ್ಟು ಮೂಡಿಗೆರೆ ರಸ್ತೆ. ಎರಡೂ ಕಡೆ ತೋಟ, ತಿರುವಿನ ಮೇಲೆ ತಿರುವು. ರಾತ್ರಿ ಒಂದೂವರೆ ಇರಬಹುದು. ಎಡ ತಿರುವಿನಲ್ಲಿ ಎದುರಿಗೆ ಜೀಪೊಂದು ನಡುರಸ್ತೆಗೆ ಬಂತು, ಡ್ರೈವರ್ ಬ್ರೇಕ್ ಒತ್ತಿದ. ನನ್ನ ಹೆಡ್‌ಲೈಟ್ ಬೆಳಕಿನಲ್ಲೇ ನೋಡಿದೆ. ಮಷಿನ್ನಿನ ಹಿಂಭಾಗ ಮೆಲ್ಲಗೆ, ಏನೂ ಅವಸರ ಇಲ್ಲದೆ, ಬಲಕ್ಕೆ ಸರಿಯಿತು. ರಾಡ್ ತಿರುಚಿದ್ದ ಸರಪಳಿ ಬಿಚ್ಚಿಕೊಂಡಿತು, ಬೆಲ್ಟ್ ಹರಿಯಿತು. ಹೊರಗಿದ್ದ ಟ್ರ್ಯಾಕು ಅಂಚು ತಪ್ಪಿದ ಮೇಲೆ ಒಂದೇ ಸಲಕ್ಕೆ ಮಗುಚಿತು. ಜೀಪು ಅಷ್ಟರಲ್ಲಿ ದಾಟಿತ್ತು. ಮಷಿನ್ ರಸ್ತೆಗೆ ಬಡಿದು, ಆಚೆ ಚರಂಡಿಗೆ ಉರುಳಿ, ಎರಡು ಸಿಲ್ವರ್ ಓಕ್ ಮರಕ್ಕೆ ಒರಗಿ ನಿಂತಿತು. ಮರಕ್ಕೆ ಒರಗಿದ್ದು ಕ್ಯಾಬಿನ್ನು. ಟಾರ್ಚ್ ಬಿಟ್ಟು ನೋಡಿದರೆ ಸೀಟಿಗೂ ಚಾವಣಿಗೂ ನಡುವೆ ಒಂದು ಗೇಣು ಜಾಗ ಇತ್ತು. ಹುಡುಗ ನೋಡಿದ, ಹೋಗಿ ರಸ್ತೆ ಪಕ್ಕ ಕೂತ. ಬೆಳಗಾಗೋ ತನಕ ಮಾತಾಡಲಿಲ್ಲ.

ಮುಂದಿನದು ದುಡ್ಡಿನ ಕಥೆ. ಎರಡು ಕ್ರೇನಿಗೆ 1,10,000. ತೋಟದವರಿಗೆ 15 ಸಾವಿರ. ಕ್ಯಾಬಿನ್, ಬೂಮ್ ಸಿಲಿಂಡರ್, ಟ್ರ್ಯಾಕ್ ರೋಲರ್ ಎಲ್ಲ ಸೇರಿ ವರ್ಕ್‌ಶಾಪಿನ ಬಿಲ್ಲು 6,80,000. ಎರಡೂವರೆ ತಿಂಗಳು ಕೆಲಸ ಇಲ್ಲ, ಬ್ಯಾಂಕಿನ ಕಂತು ಮಾತ್ರ ತಪ್ಪಲಿಲ್ಲ. ಎಸ್ಟೇಟ್ ಕೆಲಸ ಬೇರೆಯವರ ಪಾಲಾಯಿತು.

ಇನ್ಶೂರೆನ್ಸ್ ಇದೆಯಲ್ಲ ಅಂತ ನಾನು ಧೈರ್ಯವಾಗೇ ಇದ್ದೆ. ಸರ್ವೇಯರ್ ಬಂದರು, ಫೋಟೋ ತೆಗೆದರು, "ಟ್ರಾನ್ಸಿಟ್ ಕವರ್ ತಗೊಂಡಿದ್ದೀರಾ?" ಅಂದರು. ನನ್ನ ಪಾಲಿಸಿ ಮಷಿನ್ ಸೈಟಿನಲ್ಲಿದ್ದಾಗ ಆಗೋ ಹಾನಿಗೆ. ಸಾರ್ವಜನಿಕ ರಸ್ತೆಯಲ್ಲಿ ಸಾಗಿಸುವಾಗಿನದಕ್ಕೆ ಬೇರೆಯಾಗಿ ಸೇರಿಸಬೇಕಿತ್ತು. ಮೂರು ವರ್ಷ ಸಹಿ ಹಾಕಿ ರಿನ್ಯೂ ಮಾಡಿದ ಕಾಗದ, ಒಂದು ದಿನ ಓದಿರಲಿಲ್ಲ. ಟ್ರೈಲರಿಗೂ ಇನ್ಶೂರೆನ್ಸ್ ಇತ್ತು, ಆದರೆ ಅದು ಮೂರನೆಯವರಿಗೆ ಆಗೋ ಹಾನಿಗೆ, ಅದರ ಮೇಲೆ ಹೊತ್ತ ಮಾಲಿಗಲ್ಲ. "ಗಾಡಿಗೆ ಇನ್ಶೂರೆನ್ಸ್ ಇದೆ" ಅಂತ ಯಾರಾದರೂ ಹೇಳಿದರೆ ಯಾವುದಕ್ಕೆ ಅಂತ ಕೇಳಿ. ಟ್ರೈಲರಿನ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಮುಗಿದು ನಾಲ್ಕು ತಿಂಗಳಾಗಿತ್ತು ಅನ್ನೋದು ಪೊಲೀಸ್ ಮಹಜರಿನಲ್ಲಿ ಗೊತ್ತಾಯ್ತು. ಸರ್ಕಾರದ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿದ್ದರೆ ಕೆರೆ ಏರಿ ಮೇಲೆ ನಿಂತೇ ಗೊತ್ತಾಗುತ್ತಿತ್ತು.

ಬ್ರೋಕರ್ ಹೇಳಿದ್ದು ಒಂದೇ ಮಾತು, "ನಾನು ಗಾಡಿ ತೋರಿಸಿದವನು ಅಣ್ಣ." ಆಮೇಲೆ ಫೋನ್ ಸ್ವಿಚ್ ಆಫ್. ಟ್ರೈಲರ್ ಓನರ್, ಕಟ್ಟುವಾಗ ನೀವೇ ಅಲ್ಲಿದ್ರಲ್ಲ ಅಂದ. ನಿಜವೇ.

ವಕೀಲರು ಹೇಳಿದ್ದನ್ನ ಹಾಗೇ ಹೇಳ್ತೀನಿ, ಯಾರಿಗಾದರೂ ಉಪಯೋಗ ಆಗಬಹುದು. 2007ರ ರಸ್ತೆ ಸಾಗಣೆ ಕಾಯ್ದೆ ಪ್ರಕಾರ ಮಾಲಿನ ವಿವರ ನಾವು ಬರೆದು ಕೊಡಬೇಕು, ಸಾಗಿಸುವವರು ರಸೀತಿ ಕೊಡಬೇಕು. ಹೆಚ್ಚಿನ ಹೊಣೆಗೆ ಹೆಚ್ಚು ದರ ಒಪ್ಪಿ ಬರೆಸದಿದ್ದರೆ ಅವರ ಹೊಣೆ ಬಾಡಿಗೆಯ ಹತ್ತು ಪಟ್ಟಿಗೆ ನಿಲ್ಲುತ್ತೆ. ನನ್ನ ಬಾಡಿಗೆ 22 ಸಾವಿರ, ಅಂದರೆ 2,20,000. ಅಗ್ಗದ ಬಾಡಿಗೆಗೆ ಪರಿಹಾರವೂ ಅಗ್ಗ. ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟಿಸ್ ಕೊಡದಿದ್ದರೆ ದಾವೆಯನ್ನೇ ಹೂಡೋಕಾಗಲ್ಲ. ನನ್ನ ಹತ್ತಿರ ರಸೀತಿ ಎಲ್ಲಿತ್ತು? ಫೋನ್‌ಪೇಯ ಸ್ಕ್ರೀನ್‌ಶಾಟು, ವಾಟ್ಸಾಪಿನ ಬೇರೆ ಗಾಡಿಯ ಫೋಟೋ. ನೋಟಿಸ್ ಕೊಟ್ಟಿದ್ದೀವಿ, ನಡೀತಿದೆ.

ಅಗಲದ ವಿಚಾರ ಒಂದಿದೆ. ರಸ್ತೆ ಮೇಲಿನ ವಾಹನಕ್ಕೆ ನಿಯಮದ ಮಿತಿ 2.6 ಮೀಟರ್. ಹಾಗಾಗಿ ನಮ್ಮ ಇಪ್ಪತ್ತು ಟನ್ ಮಷಿನ್ನುಗಳು ಹೆಚ್ಚೂಕಮ್ಮಿ ಎಲ್ಲವೂ ಅಳತೆ ಮೀರಿದ ಸರಕು (ಇಂಗ್ಲಿಷಿನಲ್ಲಿ ODC), ಅನುಮತಿ ಬೇಕು. ಹೊರಚಾಚಿದ ಲೋಡಿಗೆ 2019ರ ತಿದ್ದುಪಡಿ ಆದ ಮೇಲೆ ಮೋಟಾರು ವಾಹನ ಕಾಯ್ದೆಯಲ್ಲಿ 20 ಸಾವಿರ ದಂಡ. ತೂಕ ಮೀರಿದರೆ 20 ಸಾವಿರದ ಮೇಲೆ ಹೆಚ್ಚುವರಿ ಟನ್ನಿಗೆ ಎರಡೆರಡು ಸಾವಿರ. ಬ್ರೇಕರ್ ಹಾಗೇ ಇಡ್ರೋ ಅನ್ನೋ ಮುಂಚೆ ಗಾಡಿಯ ಆರ್‌ಸಿಯಲ್ಲಿ ಎಷ್ಟು ತೂಕ ಇದೆ ನೋಡಿ. ಇದನ್ನೆಲ್ಲ ನಾವ್ಯಾರೂ ಪಾಲಿಸಲ್ಲ ಅಂತ ನಗಬೇಡಿ. ಏನೂ ಆಗದಿದ್ದರೆ ಯಾರೂ ಕೇಳಲ್ಲ, ಆದ ದಿನ ಎಲ್ಲರೂ ಮೊದಲು ಕೇಳೋದು ಇದನ್ನೇ.

ಮಷಿನ್ ರಿಪೇರಿ ಆಗಿ ಸೆಪ್ಟೆಂಬರ್‌ನಲ್ಲಿ ಮತ್ತೆ ಸಾಗಿಸಬೇಕಾಯಿತು. ಈ ಸಲ ಎಂದಿನವರಿಗೇ ಹೇಳಿದೆ, 39 ಸಾವಿರ. ಬಂದ ಡ್ರೈವರಿಗೆ ವಯಸ್ಸಾಗಿತ್ತು. ಇಳಿದವನೇ ಟ್ರ್ಯಾಕ್ ನೋಡಿ, "ಮಣ್ಣು ತೆಗೆಸಿ, ಆಮೇಲೆ ಹತ್ತಿಸಿ" ಅಂದ. ಒಂದೂವರೆ ಗಂಟೆ ಸಲಿಕೆ, ಹಾರೆ ಹಿಡಿದು ಕೆರೆದೆವು. ತಳಕ್ಕೆ ಹಲಗೆ ಇತ್ತು. ಬಕೆಟ್ಟಿನ ಕೆಳಗೆ ಮರದ ಸ್ಲೀಪರ್ ಕೊಟ್ಟು ಬೂಮ್ ಪೂರ್ತಿ ಮಲಗಿಸಿದ, ಮಷಿನ್ನಿನ ಮೇಲ್ಭಾಗ ತಿರುಗದ ಹಾಗೆ ಸ್ವಿಂಗ್ ಲಾಕ್ ಹಾಕಿಸಿದ. ನಾಲ್ಕು ಮೂಲೆಗೆ ನಾಲ್ಕು ಸರಪಳಿ, ಬಕೆಟ್ಟಿಗೆ ಬೇರೆ ಒಂದು, ಐದಕ್ಕೂ ಬೈಂಡರ್. ನಾನು ಒಂದೊಂದಕ್ಕೂ ಫೋಟೋ ತೆಗೆದೆ. ಹುಡುಗ ಯಾರೂ ಹೇಳದೇನೇ ಮುಂದಿನ ಕ್ಯಾಬಿನ್ ಹತ್ತಿದ.

ಹತ್ತು ಹನ್ನೆರಡು ಕಿಲೋಮೀಟರ್ ಹೋದ ಮೇಲೆ ಟೀ ಅಂಗಡಿ ಮುಂದೆ ಡ್ರೈವರ್ ಗಾಡಿ ನಿಲ್ಲಿಸಿದ. ಟೀಗೆ ಅಂದುಕೊಂಡೆ. ಅವನು ರಾಡ್ ಹಿಡಿದು ಸುತ್ತ ಬಂದು ಒಂದೊಂದೇ ಸರಪಳಿಗೆ ಬಡಿದು ನೋಡಿದ. ಹಿಂದಿನ ಎಡಗಡೆಯದು ಸ್ವಲ್ಪ ಸಡಿಲ ಆಗಿತ್ತು, ಬಿಗಿ ಮಾಡಿದ. ಆಮೇಲೆ ಕೈ ಒರೆಸಿಕೊಂಡು ಮೂರು ಟೀ ಹೇಳಿದ.