ಚಾ ಆರಬಾರ್ದು ಅಂತ ನಾಕು ಸಾಮಾನು ಬಳಸಿ ನೋಡೀನಿ, ಯಾವುದು ತಗೋಬೇಕು ಹೇಳ್ತೀನಿ

ನಾನು ರಾಯಚೂರಾಗ ಹತ್ತಿ ವ್ಯಾಪಾರದವರ ಲೆಕ್ಕ ಬರಿಯೋನು, ಜಿಎಸ್‌ಟಿ ರಿಟರ್ನ್ ಹಾಕೋನು. ತಿಂಗಳಾ 11ಕ್ಕ ಒಂದು, 20ಕ್ಕ ಒಂದು ಕಡೀ ದಿನ ಇರ್ತಾವಲ್ಲ, ಅದರ ಹಿಂದುಮುಂದ ಟೇಬಲ್ ಬಿಟ್ಟು ಏಳಾಕ ಆಗಂಗಿಲ್ಲ. ಮನಿಯಾಕಿ ಚಾ ತಂದಿಡ್ತಾಳ, ಒಂದು ಗುಟುಕು ಕುಡೀತೀನಿ, ಅಷ್ಟ್ರಾಗ ಫೋನ್ ಬರ್ತೈತಿ, ಯಾವುದೋ ಬಿಲ್ಲಿನ ನಂಬರ್ ತಾಳಿ ಆಗಂಗಿಲ್ಲ, ಅದನ್ನ ಹುಡುಕಿ ಮುಗಿಸೋದ್ರಾಗ ಚಾ ತಣ್ಣಗಾಗಿ ಕುಂತಿರ್ತೈತಿ.

ರಾಯಚೂರ ಬಿಸಿಲಾಗ ಚಾ ಹೆಂಗ ಆರ್ತೈತಿ ಅಂತ ಕೇಳಬ್ಯಾಡ್ರಿ. ತಲಿ ಮ್ಯಾಲ ಫ್ಯಾನ್ ಐದರ ಮ್ಯಾಲ ತಿರುಗ್ತಿರ್ತೈತಿ, ಬಾಜೂಕ ಕೂಲರ್, ಆ ಗಾಳಿ ಕಪ್ಪಿನ ಮ್ಯಾಲಿನ ಆವಿ ಹೊತಗೊಂಡು ಹೋಗ್ತೈತಿ, ಆವಿ ಜೋಡಿ ಬಿಸೀನೂ ಹೋಗ್ತೈತಿ. ಅಡಿಗಿ ಥರ್ಮಾಮೀಟರ್ ಇಟ್ಟು ನೋಡಿದ್ರ 76 ಡಿಗ್ರಿ ಇದ್ದ ಚಾ ಫ್ಯಾನ್ ಕೆಳಗ ಇಪ್ಪತ್ತು ನಿಮಿಷಕ್ಕ 47ಕ್ಕ ಬಂತು, ಅದಾ ಕಪ್ಪು, ಅದಾ ಚಾ, ಫ್ಯಾನ್ ಇಲ್ಲದ ಖೋಲ್ಯಾಗ 57 ಇತ್ತು. ಅದಕ್ಕ ರೊಕ್ಕ ಖರ್ಚು ಮಾಡೋಕಿಂತ ಮೊದಲು ಕಪ್ಪನ್ನ ಗಾಳಿ ಬಡಿಯದ ಕಡೆ ಸರಿಸಿ, ಮ್ಯಾಲೊಂದು ಬಸಿ ಮುಚ್ಚಿ ನೋಡ್ರಿ. ಎಷ್ಟೋ ಮಂದೀಗೆ ಅಷ್ಟ ಸಾಕಾಗ್ತೈತಿ.

ನನಗ ಸಾಕಾಗ್ಲಿಲ್ಲ. ಮೊದಲು ತಗೊಂಡಿದ್ದು ಕಪ್ಪಿನ ಕೆಳಗಿಟ್ಟು ಬಿಸಿ ಮಾಡೋ ಯುಎಸ್‌ಬಿ ಪ್ಲೇಟು, ಲ್ಯಾಪ್‌ಟಾಪಿಗೆ ಚುಚ್ಚೋದು. ಇದನ್ನ ತಗೋಬ್ಯಾಡ್ರಿ, ಸೀದಾ ಹೇಳ್ತೀನಿ. ಲ್ಯಾಪ್‌ಟಾಪಿನ ಹಳೇ ನಮೂನಿ ಯುಎಸ್‌ಬಿ 2.0 ಪೋರ್ಟ್ ಕೊಡೋದು 5 ವೋಲ್ಟು, ಅರ್ಧ ಆಂಪಿಯರ್, ಅಂದ್ರ ಎರಡೂವರಿ ವ್ಯಾಟ್. 3.0 ಇದ್ರೂ ನಾಕೂವರಿ ಅಷ್ಟ. ಚಾ ಒಂದು ಕಡೆಯಿಂದ ಅದಕ್ಕಿಂತ ಎಷ್ಟೋ ಜಾಸ್ತಿ ಬಿಸಿ ಕಳಕೊಂತಿದ್ರ ಇದು ಕೆಳಗ ಕುಂತು ಏನ್ ಮಾಡ್ತೈತಿ? ಮುಟ್ಟಿದ್ರ ಕೈಗೆ ಬೆಚ್ಚಗ ಹತ್ತತೈತಿ, ಚಾಕ್ಕ ಗೊತ್ತೇ ಆಗಂಗಿಲ್ಲ.

ಎರಡನೇದು ಗ್ವಾಡಿ ಪ್ಲಗ್ಗಿಗೆ ಹಾಕೋ ವಾರ್ಮರ್, 20 ವ್ಯಾಟ್, ಮೂರು ಸೆಟ್ಟಿಂಗ್: 55, 65, 75. ಇದು ಖರೇವಂದ್ರೂ ಕೆಲಸ ಮಾಡ್ತೈತಿ, ಆದ್ರ ಮೊದಲ ವಾರ ಇದಕ್ಕೂ ಬೈದೀನಿ, ಯಾಕಂದ್ರ 75ಕ್ಕ ಇಟ್ರೂ ಚಾ 50 ದಾಟ್ತಿರ್ಲಿಲ್ಲ. ಆಮ್ಯಾಲ ಗೊತ್ತಾತು, ಅದ್ರಾಗ ತೋರಿಸೋದು ಪ್ಲೇಟಿನ ಬಿಸಿ, ಚಾದ್ದಲ್ಲ. ಇನ್ನೊಂದು ತಪ್ಪು ಕಪ್ಪಿಂದು. ನಮ್ಮನಿ ಪಿಂಗಾಣಿ ಮಗ್ಗನ್ನ ಬೋರಲ ಹಾಕಿ ತಳದ ಮ್ಯಾಲ ಸ್ಟೀಲ್ ಸ್ಕೇಲ್ ಅಡ್ಡ ಇಟ್ಟು ನೋಡಿದ್ರ ಅಂಚಷ್ಟ ಸ್ಕೇಲಿಗೆ ತಾಗ್ತಿತ್ತು, ನಡುವ ತಗ್ಗು, ಒಂದು ರೂಪಾಯಿ ನಾಣ್ಯ ಆರಾಮಾಗಿ ಒಳಗ ಸರೀತು. ಆ ತಗ್ಗಿನಾಗ ಇರೋದು ಬರೇ ಗಾಳಿ, ಗಾಳಿ ದಾಟಿ ಬಿಸಿ ಲಗೂ ಮ್ಯಾಲೆ ಬರಂಗಿಲ್ಲ. ಸ್ಕೇಲ್ ಹಿಡಕೊಂಡಾ ಪಾತ್ರಿ ಅಂಗಡಿಗೆ ಹೋದೆ, ಅಂಗಡಿಯವ್ರು ಒಂದೊಂದಾ ತಗದು ಕೊಟ್ರು, ಎಂಟನೇದೋ ಒಂಬತ್ತನೇದೋ ತಳ ಪೂರಾ ಸಪಾಟ ಇರೋ, ಹಿಡಿ ಇರೋ ಸ್ಟೀಲ್ ಕಪ್ಪು ಸಿಕ್ತು. ಅದ್ರಾಗ ಹಾಕಿಟ್ರ ಚಾ 58ರ ಆಜೂಬಾಜೂ ನಿಂತ್ಕಂತೈತಿ. ವಾರ್ಮರ್ ಅದಾ, ಬದಲಾಗಿದ್ದು ಕಪ್ಪಷ್ಟ.

ಇನ್ನೊಂದು ಮಾತು, ಇದು ನಮ್ಮಂಥ ಹಾಲಿನ ಚಾ ಕುಡಿಯೋರಿಗೇ ಸಂಬಂಧಪಟ್ಟಿದ್ದು. ಈ ಸಾಮಾನುಗಳ ಬಗ್ಗೆ ಹೊಗಳಿ ಬರಿಯೋರು ಹೆಚ್ಚಾಗಿ ಹಾಲಿಲ್ಲದ ಕಾಫಿ ಕುಡಿಯೋರು. ಹಾಲು ಇದ್ರ ಮ್ಯಾಲೆ ನೀರು ಆವಿಯಾಗಿ ಕೆನಿ ಕಟ್ಟತೈತಿ, ಊದಿದ್ರ ಸುಕ್ಕು ಸುಕ್ಕಾಗಿ ಒಂದು ಕಡೆ ಸರೀತೈತಿ, ಕುಡಿದ್ರ ತುಟಿಗೆ ಹತ್ತತೈತಿ, ಕಪ್ಪಿನ ಗ್ವಾಡಿಗೆ ಕಂದು ಬಣ್ಣದ ಬಳಿ ಹಂಗ ಉಳೀತೈತಿ. ಒಂದು ತಾಸು ತೆರೆದಿಟ್ರ ಚಾ ಗಟ್ಟಿಯಾಗಿ ಕಷಾಯದ ರುಚಿ ಬರ್ತೈತಿ. ಮುಚ್ಚಳ ಹಾಕಿದ್ರ ಇದು ಮುಕ್ಕಾಲು ಪಾಲು ನಿಲ್ತೈತಿ, ಹಂಗಾಗಿ ಮುಚ್ಚಳ ಇಲ್ಲದ ವಾರ್ಮರ್ ಸೆಟ್ಟು ತಗೊಂಡ್ರ ಮುಚ್ಚಳ ಬ್ಯಾರೆ ತಗೊಳ್ರಿ.

ಮೂರನೇದು ಬ್ಯಾಟರಿ ಮಗ್. ನಮ್ಮ ಭಾವ ದುಬೈದಿಂದ ತಂದಾರ, ಹದಿನೈದು ದಿನ ನನ್ನ ಹತ್ರ ಇತ್ತು. ಬಿಸಿ ಅಳಿಯೋದು ಒಳಗ ಐತಿ, ಫೋನಿನಾಗ 57 ಅಂತ ಇಟ್ರ ಕಡೀ ಗುಟುಕಿನ ತನಕ 57, ಬಾಯಿಗೆ ಅಷ್ಟು ಹದವಾದ ಚಾ ನಾನು ಕುಡಿದಿಲ್ಲ, ಇದನ್ನ ಮನಸ್ಸಿನಿಂದ ಹೇಳ್ತೀನಿ. ಆದ್ರ ಚಾರ್ಜ್ ಒಂದು ತಾಸಿನ ಮ್ಯಾಲೆ ಸ್ವಲ್ಪ ಬರ್ತೈತಿ, ಆಮ್ಯಾಲ ಅದರ ಚಾರ್ಜ್ ಮಾಡೋ ತಟ್ಟಿ ಮ್ಯಾಲಾ ಇಡ್ಬೇಕು. ಮೈಕ್ರೋವೇವಿಗೆ ಇಡಂಗಿಲ್ಲ, ತಿಕ್ಕೋ ಭಾಂಡಿ ಜೋಡಿ ಬಕೀಟಿಗೆ ಹಾಕಂಗಿಲ್ಲ, ಒಳಗ ಬ್ಯಾಟರಿ ಐತಿ ಅಂತ ಪ್ರತಿ ಸಲ ನಾನಾ ತೊಳೀಬೇಕಾತು. ರೇಟು ಹತ್ತು ಸಾವಿರದ ಮ್ಯಾಲೆ. ಒಂದು ಕಪ್ಪು ಚಾಕ್ಕ ಅಷ್ಟು ಹಾಕಾಕ ನನಗ ಮನಸ್ಸು ಬರ್ಲಿಲ್ಲ.

ನಾಕನೇದು ಕರೆಂಟೇ ಬ್ಯಾಡದ್ದು, ಎರಡು ಪದರಿನ ಸ್ಟೀಲ್ ಟಂಬ್ಲರ್, ಪದರಿನ ನಡುವ ಗಾಳಿ ತಗದಿರ್ತಾರ. ಇದರ ತೊಂದ್ರಿ ಉಲ್ಟಾ, ಚಾ ಆರೋದಾ ಇಲ್ಲ. ಒಲಿ ಮ್ಯಾಲಿಂದ ಸೀದಾ ಸುರುವಿ ಮುಚ್ಚಿದ್ರ ಅರ್ಧ ತಾಸಿನ ಮ್ಯಾಲೂ ನಾಲಿಗಿ ಸುಡ್ತೈತಿ. 65 ಡಿಗ್ರಿ ದಾಟಿದ್ದನ್ನ ಹಂಗಾ ಕುಡಿಯೋದು ಅನ್ನನಾಳದ ಕ್ಯಾನ್ಸರಿಗೆ ಬಹುಶಃ ಕಾರಣ ಆಗಬಹುದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2016ರಾಗ ಹೇಳೈತಿ, ಅದಕ್ಕ ನಾನು ಹತ್ತು ನಿಮಿಷ ತೆರೆದಿಟ್ಟು ಆಮ್ಯಾಲ ಮುಚ್ತೀನಿ. ಹಿಂಗ ಮಾಡಿದ್ರ ಒಂದೂವರಿ ತಾಸು ಕುಡಿಯೋ ಹದದಾಗ ಇರ್ತೈತಿ, ಕೆನೀನೂ ಕಮ್ಮಿ. ಮುಚ್ಚಳದ ರಬ್ಬರ್ ರಿಂಗಿನ ಕೆಳಗ ಹಾಲು ಕುಂತು ಹುಳಿ ವಾಸ್ನಿ ಬರ್ತೈತಿ, ದಿನಾ ರಿಂಗ್ ತಗದು ತೊಳೀಬೇಕು.

ಈಗ ನನ್ನ ಟೇಬಲ್ ಮ್ಯಾಲ ಪ್ಲಗ್ ವಾರ್ಮರ್, ಸಪಾಟ ತಳದ ಸ್ಟೀಲ್ ಕಪ್ಪು, ಮುಚ್ಚಳ. ಕರೆಂಟ್ ಹೋದ್ರೂ ಇನ್ವರ್ಟರ್ ಮ್ಯಾಲ ನಡೀತೈತಿ, 20 ವ್ಯಾಟ್ ಅಂದ್ರ ಒಂದು ಫ್ಯಾನಿನಕಿಂತ ಕಮ್ಮಿ. ತಾನಾ ಬಂದ್ ಆಗೋದು ಇದ್ರಷ್ಟ ತಗೊಳ್ರಿ, ಯಾಕಂದ್ರ ನಮ್ಮಂಥೋರ ಟೇಬಲ್ ತುಂಬ ಕಾಗದ ಇರ್ತಾವು, ಮರೆತು ಎದ್ದು ಹೋದ್ರ ಗತಿ ಏನು.

ಕುಂತಲ್ಲೇ ಕೆಲಸ ಅಂದ್ರ ವಾರ್ಮರ್, ಓಡಾಡೋರಿಗೆ ಟಂಬ್ಲರ್. ನಮ್ಮ ತಂಗಿ ಸಿಂಧನೂರ ಕಡೆ ಸಾಲಿ ಟೀಚರು, ಮುಂಜಾನೆ ಬಸ್ಸಿಗೆ ಹೋಗ್ತಾಳ, ಆಕಿಗೆ ಟಂಬ್ಲರಾ ಕೊಡಿಸೀನಿ. ಮೊದಲ ದಿನಾನ ಫೋನ್ ಹಚ್ಚಿ, 'ಅಣ್ಣಾ, ಎರಡನೇ ಪೀರಿಯಡ್ ಮುಗಿಸಿ ತೆಗದ್ರ ಇನ್ನಾ ಹೊಗಿ ಬರಾಕತ್ತಿತ್ತು ನೋಡು' ಅಂದ್ಲು. ರಿಂಗ್ ತಗದು ತೊಳಿಯೋದು ಮರೀಬ್ಯಾಡವಾ ಅಂದೆ.