ಪೆಟ್ರೋಲ್ ವಾಸನೆ ಹೋಯಿತು, ಮತ್ತೆ ಬಂತು: ಹಳೆಯ ಎಫ್‌ಸಿ ಪಿಕಪ್‌ಗೆ ಸೋಲೆಕ್ಸ್ ಮಾದರಿಯ ಕಾರ್ಬುರೇಟರ್, ಮೂರೂವರೆ ವರ್ಷದ ಬಳಕೆ

ಅಮ್ಮ ಈ ಗಾಡಿ ಹತ್ತುವುದನ್ನು ಬಿಟ್ಟು ಏಳು ವರ್ಷವಾಗಿತ್ತು. ಪುತ್ತೂರಿಗೆ ಹೋಗಬೇಕಾದರೆ ನಮ್ಮ ಕಾಸರಗೋಡು ಜಿಲ್ಲೆಯ ಪೆರ್ಲದಲ್ಲಿ ಬಸ್ಸಿಗೆ ಕಾಯುತ್ತಿದ್ದರು, ಇಲ್ಲವೇ ನೆರೆಮನೆಯ ಕಾರು ಹೋಗುವ ದಿನ ನೋಡಿಕೊಂಡು ಹೊರಡುತ್ತಿದ್ದರು. ಕಾರಣ ಪೆಟ್ರೋಲ್ ವಾಸನೆ. ಅಡ್ಕಸ್ಥಳ ದಾಟುವಷ್ಟರಲ್ಲಿ ತಲೆಸುತ್ತು, ವಿಟ್ಲ ಬರುವಷ್ಟರಲ್ಲಿ ವಾಂತಿ. ಆ ವಾಸನೆ ತೊಲಗಲಿ ಎಂದೇ 2021ರ ಡಿಸೆಂಬರಿನಲ್ಲಿ, ಪೆಟ್ರೋಲನ್ನು ಗಾಳಿಯೊಡನೆ ಬೆರೆಸಿ ಎಂಜಿನ್‌ಗೆ ಉಣಿಸುವ ಕಾರ್ಬುರೇಟರ್ ಬದಲಿಸಿದೆ. ಅಲ್ಲಿಂದ ಇಲ್ಲಿಯವರೆಗೆ ಸುಮಾರು 11,000 ಕಿಲೋಮೀಟರ್ ಓಡಿಸಿದ್ದೇನೆ. ಉಳಿದವರು ಮೈಲೇಜ್ ನೋಡಲಿ, ಎಳೆತ ನೋಡಲಿ. ನಾನು ಮೂಗಿನಿಂದ ಅಳೆಯುತ್ತೇನೆ.

ಗಾಡಿ ಮಹೀಂದ್ರದ ಎಫ್‌ಸಿ-150, ಎಫ್‌ಸಿ ಎಂದರೆ ಫಾರ್ವರ್ಡ್ ಕಂಟ್ರೋಲ್. ಕಾಸರಗೋಡು ಇನ್ನೂ ಕಣ್ಣೂರು ಜಿಲ್ಲೆಯೊಳಗೆ ಇದ್ದಾಗ, ಅಂದರೆ 1984ಕ್ಕೆ ಬಹಳ ಮೊದಲೇ, ಅಪ್ಪ ಕೊಂಡದ್ದು. ಈ ಗಾಡಿಗೆ ಮೂತಿ ಇಲ್ಲ. 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ ಕುಳಿತಿರುವುದು ಎರಡು ಸೀಟುಗಳ ನಡುವೆ, ತಗಡಿನ ಮುಚ್ಚಳದ ಕೆಳಗೆ. ಬೇರೆ ಗಾಡಿಗಳಲ್ಲಿ ಕಾರ್ಬುರೇಟರ್ ಒಂದು ಹನಿ ಒಸರಿದರೆ ಗಾಳಿ ಹೊತ್ತುಕೊಂಡು ಹೋಗುತ್ತದೆ. ಇದರಲ್ಲಿ ಆ ಹನಿ ಆವಿಯಾಗುವುದು ನಮ್ಮ ಮೊಣಕೈಯ ಪಕ್ಕದಲ್ಲಿ. ಎಫ್‌ಸಿ ಇಟ್ಟುಕೊಂಡವರಿಗೆ ಕಾರ್ಬುರೇಟರ್ ಎಂದರೆ ಮನೆಯೊಳಗಿನ ಒಲೆ ಇದ್ದ ಹಾಗೆ.

ಮೊದಲಿದ್ದದ್ದು ಕಾರ್ಟರ್ ವೈಎಫ್. ಅದರ ಮೇಲೆ ನನಗೆ ಯಾವ ದೂರೂ ಇಲ್ಲ. ಅಪ್ಪನ ಕಾಲವಿಡೀ ಗೊಬ್ಬರ, ಮೈಲುತುತ್ತು, ಅಡಿಕೆ ಗೋಣಿ ಎಲ್ಲವನ್ನೂ ಹೊರಲು ಎಂಜಿನ್‌ಗೆ ಅದೇ ಉಣಿಸಿತು. ಆದರೆ ಗಾಳಿಯ ಬಾಗಿಲನ್ನು ತೆರೆದು ಮುಚ್ಚುವ ಥ್ರಾಟಲ್ ಶಾಫ್ಟ್ ತಿರುಗಿ ತಿರುಗಿ ಅದು ಕುಳಿತ ತೂತು ಮೊಟ್ಟೆಯ ಆಕಾರಕ್ಕೆ ಸವೆದಿತ್ತು. ಬೆರಳಿನಿಂದ ಅಲ್ಲಾಡಿಸಿದರೆ ಕಟಕಟ ಎನ್ನುತ್ತಿತ್ತು. ಆ ಸಂದಿನಿಂದ ಲೆಕ್ಕವಿಲ್ಲದ ಗಾಳಿ ಒಳಗೆ ನುಗ್ಗುತ್ತಿದ್ದರೆ ಐಡ್ಲಿಂಗ್ ಎಲ್ಲಿ ನಿಲ್ಲಬೇಕು? ನಿಲ್ಲಲಿ ಎಂದು ಮೆಕ್ಯಾನಿಕ್‌ಗಳು ಪೆಟ್ರೋಲ್ ಹೆಚ್ಚಿಸುತ್ತ ಬಂದರು, ವಾಸನೆಯೂ ಹೆಚ್ಚುತ್ತ ಬಂತು. ಲೇತ್‌ನಲ್ಲಿ ಬುಷ್ ಹಾಕಿಸಬಹುದಿತ್ತು. ಮೇಲಿನ ಮುಚ್ಚಳವೂ ಬಾಗಿದ್ದರಿಂದ ಆ ಖರ್ಚಿಗೆ ಮನಸ್ಸು ಬರಲಿಲ್ಲ.

ಹೊಸದು ಸೋಲೆಕ್ಸ್ ಮಾದರಿಯದು, ಗಾಳಿ ಹೋಗುವ ಗಂಟಲು ಒಂದೇ ಇರುವುದು. ಯಾರು ತಯಾರಿಸಿದ್ದು ಎಂದು ಬರೆಯುವುದಿಲ್ಲ. ನಾಲ್ಕೂವರೆ ಸಾವಿರ ರೂಪಾಯಿ ಕೊಟ್ಟೆ. ಆ ವರ್ಷ ಹಳೆಯ ಅಡಿಕೆಗೆ ಧಾರಣೆ ಚೆನ್ನಾಗಿತ್ತು, ಇಲ್ಲದಿದ್ದರೆ ಇನ್ನೊಂದು ಮಳೆಗಾಲ ಹಾಗೆಯೇ ತಳ್ಳುತ್ತಿದ್ದೆನೇನೋ.

ಕೂರಿಸುವ ಕೆಲಸ ಅರ್ಧ ದಿನದ್ದು, ಅದರಲ್ಲಿ ಹೆಚ್ಚು ಹೊತ್ತು ಹಿಡಿದದ್ದು ಆಕ್ಸಿಲರೇಟರಿನ ಕಡ್ಡಿಯನ್ನು ಹೊಂದಿಸುವುದಕ್ಕೆ. ಒಂದು ಮಾತನ್ನು ಮಾತ್ರ ಒತ್ತಿ ಹೇಳುತ್ತೇನೆ. ಈ ಎಂಜಿನ್‌ನಲ್ಲಿ ಒಳಬರುವ ಗಾಳಿಯ ದಾರಿಯನ್ನು ಸಿಲಿಂಡರ್ ಹೆಡ್‌ನಲ್ಲಿಯೇ ಎರಕ ಹೊಯ್ದಿದ್ದಾರೆ, ಕಾರ್ಬುರೇಟರ್ ನೇರವಾಗಿ ಹೆಡ್‌ನ ಮೇಲೆ ಕುಳಿತುಕೊಳ್ಳುತ್ತದೆ. ನಡುವೆ ಬಿಸಿ ತಡೆಯುವ ದಪ್ಪನೆಯ ಬೇಕಲೈಟ್ ತುಂಡು ಇರಲೇಬೇಕು. ಮೊದಲು ನಾನು ಬರೀ ಪೇಪರ್ ಪ್ಯಾಕಿಂಗ್ ಹಾಕಿದ್ದೆ. ಮಾರ್ಚ್ ತಿಂಗಳ ಮಧ್ಯಾಹ್ನ ಪುತ್ತೂರಿನಲ್ಲಿ ಅಡಿಕೆ ಇಳಿಸಿ ಅರ್ಧ ಗಂಟೆ ಬಿಟ್ಟು ಬಂದರೆ ಸ್ಟಾರ್ಟ್ ಆಗುತ್ತಿರಲಿಲ್ಲ. ಹೆಡ್‌ನ ಬಿಸಿಗೆ ಕಾರ್ಬುರೇಟರಿನ ಬಟ್ಟಲಿನಲ್ಲಿ ನಿಂತ ಪೆಟ್ರೋಲ್ ಕುದಿದು ಗಂಟಲಿಗೆ ಉಕ್ಕಿರುತ್ತಿತ್ತು. ಬೇಕಲೈಟ್ ಹಾಕಿ, ಅದಕ್ಕೆ ಉದ್ದದ ಸ್ಟಡ್ ಹಾಕಿದ ಮೇಲೆ ಆ ಕಾಟ ತೀರಿತು.

ಟ್ಯೂನಿಂಗ್ ಕಲಿಸಿದವರು ಬದಿಯಡ್ಕದ ಒಬ್ಬ ಹಿರಿಯ ಮೆಕ್ಯಾನಿಕ್. ನಾನು ಸ್ಕ್ರೂಡ್ರೈವರ್ ಹಿಡಿದು ಬಗ್ಗಿದೊಡನೆ ಕೈ ತಡೆದರು. “ಭಟ್ಟರೇ, ಕಾರ್ಬುರೇಟರ್ ಕೊನೆಗೆ. ಮೊದಲು ಪಾಯಿಂಟ್ ನೋಡಿ” ಎಂದರು. ಕಿಡಿಗಾಗಿ ವಿದ್ಯುತ್ತನ್ನು ಕಡಿದು ಕೊಡುವ ಪಾಯಿಂಟ್‌ನ ಸಂದು 0.020 ಇಂಚು, ಪ್ಲಗ್ ಸಂದು 0.030 ಇಂಚು, ಕಿಡಿ ಹಾರುವ ಟೈಮಿಂಗ್ 5 ಡಿಗ್ರಿ ಮುಂದಕ್ಕೆ. ಇವು ಮೂರೂ ಸರಿಯಾದ ಮೇಲೆ ಕಾರ್ಬುರೇಟರಿನ ಬುಡದ ಸುತ್ತ ಎಣ್ಣೆ ಡಬ್ಬಿಯಿಂದ ಒಂದೊಂದೇ ಹನಿ ಬಿಟ್ಟರು. ಎಂಜಿನ್‌ನ ಸದ್ದು ಬದಲಾದರೆ ಅಲ್ಲಿ ಗಾಳಿ ಸೋರುತ್ತಿದೆ ಎಂದು ಅರ್ಥ. ಬದಲಾಗಲಿಲ್ಲ. ಅದಾದ ಮೇಲೆಯೇ, ಐಡ್ಲಿಂಗ್‌ಗೆ ಪೆಟ್ರೋಲ್ ಎಷ್ಟು ಎಂದು ಹೊಂದಿಸುವ ಮಿಕ್ಸ್‌ಚರ್ ಸ್ಕ್ರೂ ನನ್ನ ಕೈಗೆ ಬಂದದ್ದು.

ಎಂಜಿನ್ ಚೆನ್ನಾಗಿ ಬಿಸಿಯಾಗಿರಬೇಕು. ಸ್ಕ್ರೂವನ್ನು ಮೆಲ್ಲನೆ ಕೊನೆಯವರೆಗೆ ಒಳಕ್ಕೆ ತಿರುಗಿಸಿ, ಬಿಗಿಯದೆ, ಅಲ್ಲಿಂದ ಒಂದೂವರೆ ಸುತ್ತು ಹೊರಕ್ಕೆ ತಂದು ಸ್ಟಾರ್ಟ್ ಮಾಡಬೇಕು. ಆಮೇಲೆ ಕಾಲು ಸುತ್ತಿನಂತೆ ಹೊರಕ್ಕೆ. ಪೆಟ್ರೋಲ್ ಹೆಚ್ಚಾಗುತ್ತ ಬಂದಂತೆ ಎಂಜಿನ್ ಹೊಟ್ಟೆ ತುಂಬಿದವರ ಹಾಗೆ ತೂಗಾಡಲು ತೊಡಗುತ್ತದೆ. ಅಲ್ಲಿಂದ ಒಳಕ್ಕೆ ಬಂದರೆ ಸದ್ದು ಒಂದು ಕಡೆ ಸಮವಾಗಿ ನಿಲ್ಲುತ್ತದೆ, ಇನ್ನೂ ಒಳಕ್ಕೆ ಹೋದರೆ ತಡವರಿಸುತ್ತದೆ. ಆ ಎರಡು ತುದಿಗಳ ನಡುವೆ ಇರುವ ಜಾಗ ಹೆಬ್ಬೆರಳು ಒಮ್ಮೆ ಅಲುಗುವಷ್ಟು. ಎಂಜಿನ್ ಗಾಳಿ ಎಳೆಯುವ ಬಲ ತೋರಿಸುವ ವ್ಯಾಕ್ಯೂಮ್ ಗೇಜ್ ಎರವಲು ತಂದು ಜೋಡಿಸಿ ನೋಡಿದೆವು. ಕಾರ್ಟರ್ ಇದ್ದಾಗ ಮುಳ್ಳು 13ರಿಂದ 16ರ ನಡುವೆ ನಡುಗುತ್ತಿತ್ತು, ಈಗ 18 ಇಂಚಿನಲ್ಲಿ ಅಲುಗಾಡದೆ ನಿಂತಿತು. ಮೆಕ್ಯಾನಿಕ್ ಗೇಜ್‌ನತ್ತ ತಿರುಗಿಯೂ ನೋಡಲಿಲ್ಲ. ಮುಚ್ಚಳದ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿಕೊಂಡು ನಿಂತಿದ್ದರು.

ಮರುದಿನ ಅಮ್ಮನನ್ನು ಕರೆದೆ. ಸೆರಗಿನಲ್ಲಿ ಏಲಕ್ಕಿ ಕಟ್ಟಿಕೊಂಡು, ಬಾಗಿಲ ಪಕ್ಕದಲ್ಲಿ ಒರಗಿ ಕುಳಿತರು. ಅಡ್ಯನಡ್ಕದಲ್ಲಿ ಪೆಟ್ರೋಲ್ ಹಾಕಿಸಿದೆ, ಗಡಿಯಾಚೆ ಕರ್ನಾಟಕದಲ್ಲಿ ಲೀಟರಿಗೆ ಕೆಲವು ರೂಪಾಯಿ ಕಡಿಮೆಯೆಂದು ನಾವೆಲ್ಲ ಮಾಡುವ ಹಾಗೆ. ವಿಟ್ಲ ದಾಟಿತು. ಕಬಕ ದಾಟಿತು. ಏಲಕ್ಕಿಯ ಗಂಟು ಬಿಚ್ಚಲಿಲ್ಲ. ಪುತ್ತೂರಿನಲ್ಲಿ ಇಳಿಯುವಾಗ, “ಮೊದಲು ಅಪ್ಪನ ಜೊತೆ ಬರುವಾಗ ಹೀಗೆಯೇ ಇತ್ತು” ಎಂದರು. ನಾಲ್ಕೂವರೆ ಸಾವಿರದ ವಸ್ತುವಿಗೆ ಇದಕ್ಕಿಂತ ದೊಡ್ಡ ಮಾತು ನನಗೆ ಬೇಕಿರಲಿಲ್ಲ.

ಇನ್ನೊಂದು ಸಂತೋಷ ನಾನು ನೆನೆಸದೆ ಬಂದದ್ದು, ಬೆಳಗಿನ ಸ್ಟಾರ್ಟ್. ತಣ್ಣಗಿರುವ ಎಂಜಿನ್‌ಗೆ ಹೆಚ್ಚು ಪೆಟ್ರೋಲ್ ಕೊಡುವ ಚೋಕ್ ಸೋಲೆಕ್ಸ್‌ನಲ್ಲಿ ಗಂಟಲು ಮುಚ್ಚುವ ತಗಡಲ್ಲ. ಬೇರೆಯೇ ಒಂದು ಪುಟ್ಟ ದಾರಿ, ತಿರುಗುವ ಬಿಲ್ಲೆಯೊಂದು ಅದನ್ನು ತೆರೆಯುತ್ತದೆ. ಎಂಜಿನ್ ಎಳೆಯುವ ನಿರ್ವಾತದ ಬಲದಿಂದಲೇ ಅಲ್ಲಿ ಪೆಟ್ರೋಲ್ ಹರಿಯಬೇಕು. ಆದ್ದರಿಂದ ಚೋಕ್ ಪೂರ್ತಿ ಎಳೆದು ಆಕ್ಸಿಲರೇಟರಿನಿಂದ ಕಾಲು ತೆಗೆದು ಕುಳಿತುಕೊಳ್ಳಬೇಕು. ಕಾರ್ಟರ್‌ನಲ್ಲಿ ಎರಡು ಸಲ ತುಳಿದು ಸ್ಟಾರ್ಟ್ ಮಾಡಿ ಅಭ್ಯಾಸವಾದ ನನಗೆ ಕಾಲನ್ನು ಹಿಂದಕ್ಕಿಡಲು ಒಂದು ತಿಂಗಳು ಬೇಕಾಯಿತು. ಈಗ ಡಿಸೆಂಬರಿನ ಮುಂಜಾವದಲ್ಲಿಯೂ, ಅಂಗಳದಲ್ಲಿ ಹರಡಿದ ಅಡಿಕೆಯ ಮೇಲೆ ಇಬ್ಬನಿ ಇರುವಾಗಲೂ, ಎರಡನೆಯ ಸಲ ತಿರುಗಿಸುವಾಗ ಹಿಡಿದುಕೊಳ್ಳುತ್ತದೆ. ಹಲ್ಲುಜ್ಜಿ ಬರುವಷ್ಟರಲ್ಲಿ ಚೋಕ್ ಒಳಗೆ ತಳ್ಳಬಹುದು. ಮೈಲೇಜ್ ಏಳರಿಂದ ಎಂಟೂವರೆಗೆ ಏರಿತು.

ಇಲ್ಲಿಗೆ ಬರೆದು ನಿಲ್ಲಿಸಿದ್ದರೆ ಐದಕ್ಕೆ ಐದು ಅಂಕ ಕೊಡುತ್ತಿದ್ದೆ.

2023ರ ಜೂನ್‌ನಲ್ಲಿ, ತೋಟಕ್ಕೆ ಮದ್ದು ಬಿಡುವ ಕಾಲ, ಸುಣ್ಣದ ಚೀಲ ತರಲು ಹೊರಟರೆ ಕ್ಯಾಬಿನ್ ತುಂಬ ವಾಸನೆ. ಎದೆ ಝಲ್ಲೆಂದಿತು. ಮುಚ್ಚಳ ತೆಗೆದರೆ ಬಟ್ಟಲು ಉಕ್ಕಿ ಪೆಟ್ರೋಲ್ ಕಾರ್ಬುರೇಟರಿನ ಮೈಮೇಲೆ ಇಳಿಯುತ್ತಿತ್ತು. ಕೆಳಗೆ ಎಕ್ಸಾಸ್ಟ್ ಕಾದಿದೆ, ಪಕ್ಕದಲ್ಲಿ ನಾವು ಕುಳಿತಿದ್ದೇವೆ. ಅಂದಿನಿಂದ ಸೀಟಿನ ಹಿಂದೆ ಬೆಂಕಿ ನಂದಿಸುವ ಸಿಲಿಂಡರ್ ಇಲ್ಲದೆ ಈ ಗಾಡಿ ಅಂಗಳ ಬಿಟ್ಟಿಲ್ಲ. ಎಫ್‌ಸಿ ಇರುವ ಎಲ್ಲರೂ ಇಡಿ ಎಂದು ಕೈಮುಗಿದು ಕೇಳುತ್ತೇನೆ.

ಬಟ್ಟಲಿಗೆ ಪೆಟ್ರೋಲ್ ಬಿಟ್ಟು ನಿಲ್ಲಿಸುವ ನೀಡಲ್ ವಾಲ್ವ್‌ನಲ್ಲಿ ಕಂದು ಬಣ್ಣದ ಪುಡಿ ಸಿಕ್ಕಿಕೊಂಡಿತ್ತು. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಹಳೆಯ ಟ್ಯಾಂಕ್‌ನ ಗೋಡೆಗೆ ಹತ್ತಾರು ವರ್ಷದಿಂದ ಅಂಟಿದ ಗಸಿಯನ್ನು ಕರಗಿಸಿ ಎಬ್ಬಿಸುತ್ತದೆ. ಇದು ಕಾರ್ಬುರೇಟರಿನ ತಪ್ಪಲ್ಲ, ಒಪ್ಪುತ್ತೇನೆ. ಟ್ಯಾಂಕ್ ಇಳಿಸಿ ತೊಳೆಸಿದೆ, ಹೊಸ ಫಿಲ್ಟರ್ ಹಾಕಿದೆ. ಈ ಮಾದರಿಯಲ್ಲಿ ಪೆಟ್ರೋಲಿನ ಮಟ್ಟ ನಿರ್ಧರಿಸುವುದು ನೀಡಲ್ ವಾಲ್ವ್‌ನ ಅಡಿಯಲ್ಲಿರುವ ವಾಷರಿನ ದಪ್ಪ. ಸ್ವಲ್ಪ ದಪ್ಪನೆಯ ವಾಷರ್ ಹಾಕಿ ಮಟ್ಟ ಒಂದಿಷ್ಟು ಇಳಿಸಿದೆ. ವಾಸನೆ ಹೋಯಿತು.

ಮುಂದಿನ ವರ್ಷ ಬೇರೆ ತೊಂದರೆ. ತೋಟದಿಂದ ರಸ್ತೆಗೆ ಏರುವ ದಾರಿಯಲ್ಲಿ, ಗೋಣಿ ತುಂಬಿಕೊಂಡು ಎರಡನೆಯ ಗೇರಿನಲ್ಲಿ ಹತ್ತುವಾಗ, ಎಂಜಿನ್ ಉಸಿರು ಕಟ್ಟಿ ಕಾರ್ಬುರೇಟರಿನ ಮೂಲಕ ಪಟ್ ಪಟ್ ಎಂದು ಕೆಮ್ಮತೊಡಗಿತು. ಪ್ಲಗ್ ಬಿಚ್ಚಿದರೆ ಸುಣ್ಣ ಬಳಿದ ಹಾಗೆ ಬಿಳಿ. ಪೆಟ್ರೋಲ್ ಸಾಲುತ್ತಿಲ್ಲ ಎಂಬುದರ ಗುರುತು ಅದು. ಒಂದು ಕಿಲೋ ಶುದ್ಧ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು, ಎಥೆನಾಲ್‌ಗೆ 9 ಕಿಲೋ ಸಾಕು. ಶೇಕಡಾ 20 ಎಥೆನಾಲ್ ಇರುವ ಪೆಟ್ರೋಲಿಗೆ ಲೆಕ್ಕ 13.5ರ ಹತ್ತಿರಕ್ಕೆ ಬರುತ್ತದೆ. ಗಾಳಿ ಅಷ್ಟೇ ಬರುವಾಗ ಪೆಟ್ರೋಲ್ ಹೆಚ್ಚು ಹರಿಯಬೇಕು, ಕಾರ್ಬುರೇಟರಿಗೆ ಅದನ್ನು ತಾನಾಗಿ ತಿಳಿಯುವ ಬುದ್ಧಿ ಇಲ್ಲ. ಪೆಟ್ರೋಲ್ ಹರಿಯುವ ಅಳತೆಯ ತೂತಿರುವ ಮೇನ್ ಜೆಟ್ 125 ಸಂಖ್ಯೆಯದಿತ್ತು, ಅದನ್ನು ತೆಗೆದು 130ರದ್ದು ಹಾಕಿದೆ. ತೂತಿನ ವ್ಯಾಸ 1.25 ಮಿಲಿಮೀಟರಿನಿಂದ 1.30ಕ್ಕೆ ಏರಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಆದರೆ ತೂತಿನ ಬಾಯಿ ಶೇಕಡಾ 8ರಷ್ಟು ದೊಡ್ಡದಾಗಿರುತ್ತದೆ. ಪ್ಲಗ್‌ಗೆ ಸುಟ್ಟ ಕಾಫಿಬೀಜದ ಬಣ್ಣ ಮರಳಿತು, ಏರು ಹತ್ತಿತು, ಮೈಲೇಜ್ ಎಂಟಕ್ಕೆ ಇಳಿಯಿತು. ಜೆಟ್ ಬದಲಿಸಲು ಹೊರಗಿನಿಂದಲೇ ಒಂದು ಬೋಲ್ಟ್ ಬಿಚ್ಚಿದರೆ ಸಾಕು, ಮಳೆಯಲ್ಲಿ ಕ್ಯಾಬಿನ್‌ನೊಳಗೆ ಕುಳಿತೇ ಮುಗಿಸಿದೆ. ಈ ಗುಣಕ್ಕಾಗಿ ಸೋಲೆಕ್ಸ್ ಮಾದರಿಯನ್ನು ಮನಸಾರೆ ಹೊಗಳುತ್ತೇನೆ.

ಆದರೆ ಡಯಾಫ್ರಮ್‌ನ ವಿಷಯದಲ್ಲಿ ನನಗಿರುವ ಸಿಟ್ಟು ಇನ್ನೂ ಆರಿಲ್ಲ. ಆಕ್ಸಿಲರೇಟರ್ ತುಳಿದೊಡನೆ ಒಂದು ಚಿಮ್ಮು ಪೆಟ್ರೋಲ್ ಕಳಿಸುವ ಪಂಪಿನ ರಬ್ಬರ್ ಪೊರೆ ಅದು. ಪೆಟ್ಟಿಗೆಯಲ್ಲಿ ಬಂದದ್ದು ಮೂರನೆಯ ವರ್ಷಕ್ಕೆ ಹಪ್ಪಳದಂತೆ ಗಟ್ಟಿಯಾಗಿ ಮಡಿಕೆಯಲ್ಲಿ ಸೀಳಿತು. 450 ರೂಪಾಯಿಯ ಕಿಟ್ ತಂದು ಹಾಕಿದ್ದು ಹತ್ತು ತಿಂಗಳೂ ಬಾಳಲಿಲ್ಲ. ಎರಡು ಸಲವೂ ಮೊದಲು ಹೇಳಿದ್ದು ಅಮ್ಮ. ನನಗೆ ಗೊತ್ತಾಗುವ ಮೊದಲೇ, ಉಕ್ಕಿನಡ್ಕದ ಹತ್ತಿರ ಸೆರಗು ಮೂಗಿಗೆ ಹಿಡಿದು, “ಬಂತು ಮಗ” ಎಂದರು. ದೇಶದಲ್ಲೆಲ್ಲ ಸಿಗುವ ಪೆಟ್ರೋಲ್ ಯಾವುದು ಎಂಬುದು ಗೊತ್ತಿದ್ದೂ ಅದನ್ನು ತಡೆಯದ ರಬ್ಬರನ್ನು ಹೊಸ ಕಿಟ್ ಎಂದು ಮಾರುವುದು ಸರಿಯಲ್ಲ. ಐವತ್ತು ರೂಪಾಯಿ ಹೆಚ್ಚು ಕೇಳಿದ್ದರೆ ಕೊಡುತ್ತಿದ್ದೆ. ಕೊನೆಗೆ ಎಥೆನಾಲ್ ತಡೆಯುವ ವೈಟಾನ್ ಹಾಳೆ ತರಿಸಿ, ಹಳೆಯದನ್ನು ಅಚ್ಚಾಗಿಟ್ಟು ಬ್ಲೇಡಿನಲ್ಲಿ ಕತ್ತರಿಸಿ ಹಾಕಿದ್ದೇನೆ. ಪೆಟ್ರೋಲ್ ಪೈಪನ್ನೂ ಅದೇ ಜಾತಿಯದಕ್ಕೆ ಬದಲಿಸಿದ್ದೇನೆ. ಏಳು ತಿಂಗಳಾಯಿತು, ಮೆತ್ತಗೆಯೇ ಇದೆ.

ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟ್‌ನ ಮಳೆಯಲ್ಲಿ, ಗಾಡಿ ವಾರಗಟ್ಟಲೆ ಕೊಟ್ಟಿಗೆಯಲ್ಲಿ ನಿಲ್ಲುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ, ನಮ್ಮೂರ ಮಳೆಗಾಲದಲ್ಲಿ ತೇವಕ್ಕೆ ಬರವಿಲ್ಲ. ಮೊದಲ ವರ್ಷ ಬಟ್ಟಲಿನ ತಳದಲ್ಲಿ ಉಪ್ಪಿನಂತಹ ಬಿಳಿ ಪುಡಿ ಕಂಡಿತ್ತು. ಆಮೇಲೆ ಒಂದು ಕ್ರಮ ಇಟ್ಟುಕೊಂಡೆ. ಗಾಡಿ ನಿಲ್ಲಿಸುವಾಗ ಕೀ ತಿರುಗಿಸುವುದಿಲ್ಲ. ಟ್ಯಾಂಕ್‌ನಿಂದ ಬರುವ ನಲ್ಲಿಯನ್ನು ಮುಚ್ಚಿ ಎಂಜಿನ್ನನ್ನು ಓಡಲು ಬಿಡುತ್ತೇನೆ. ಎರಡು ಮೂರು ನಿಮಿಷ ಯಾವ ವ್ಯತ್ಯಾಸವೂ ಇಲ್ಲ. ಬಟ್ಟಲಿನ ಪೆಟ್ರೋಲ್ ತಳ ಮುಟ್ಟುವಾಗ ಎಂಜಿನ್ ಇದ್ದಕ್ಕಿದ್ದ ಹಾಗೆ ಹಗುರಾಗಿ, ತುಸು ವೇಗವಾಗಿ ಓಡುತ್ತದೆ, ಸದ್ದು ತೆಳ್ಳಗಾಗುತ್ತದೆ, ಒಮ್ಮೆ ತಡವರಿಸಿ ನಿಲ್ಲುತ್ತದೆ. ಆಗ ಕೀ ತೆಗೆಯುತ್ತೇನೆ. ಮತ್ತೆ ಹೊರಡುವ ದಿನ ನಲ್ಲಿ ತೆರೆದು, ಪೆಟ್ರೋಲ್ ಪಂಪಿನ ಕೈಕಡ್ಡಿಯನ್ನು ಹತ್ತಿಪ್ಪತ್ತು ಸಲ ಆಡಿಸಿ ಬಟ್ಟಲು ತುಂಬಿಸಿದರೆ ಬ್ಯಾಟರಿಗೆ ಶ್ರಮವಿಲ್ಲ.

ಐದರಲ್ಲಿ ಮೂರೂವರೆ ಕೊಡುತ್ತೇನೆ. ಕಳೆದ ಒಂದೂವರೆ ಅಂಕ ಪೂರ್ತಿ ಆ ಡಯಾಫ್ರಮ್‌ನದು. ಗಾಡಿಯನ್ನು ಮೆಕ್ಯಾನಿಕ್‌ಗೆ ಬಿಟ್ಟು ಸಂಜೆ ಬಂದು ಒಯ್ಯುವವರಾದರೆ ಇದು ನಿಮಗೆ ಹಿಡಿಸಲಾರದು. ಸ್ವಂತ ಕೈಯಲ್ಲಿ ಸ್ಪ್ಯಾನರ್ ಹಿಡಿಯುವವರು, ತಿಂಗಳಿಗೆ ಇನ್ನೂರು ಮುನ್ನೂರು ಕಿಲೋಮೀಟರ್ ಓಡಿಸುವವರು ಧೈರ್ಯವಾಗಿ ತೆಗೆದುಕೊಳ್ಳಿ. ಬೇಕಲೈಟ್ ತುಂಡು, 130ರ ಜೆಟ್, ವೈಟಾನ್ ಹಾಳೆ ಇವನ್ನು ಕಾರ್ಬುರೇಟರಿನ ಜೊತೆಗೇ ಕೊಂಡುಬಿಡಿ, ನನ್ನ ಹಾಗೆ ಮೂರು ಮಳೆಗಾಲ ಕಾಯಬೇಡಿ. ಬರುವ ಗುರುವಾರ ಅಮ್ಮನಿಗೆ ಪುತ್ತೂರಿನಲ್ಲಿ ಕಣ್ಣಿನ ತಪಾಸಣೆ ಇದೆ. ಬಸ್ಸಿನ ಸಮಯ ಅವರು ಕೇಳಿಲ್ಲ.