ಅರಿಶಿಣ ಗುಳಗಿನೋ, ಶಲ್ಲಕಿನೋ?

ನಮ್ಮವ್ವ ರೊಟ್ಟಿ ಬಡದು ಏಳೂಮುಂದ ಮಣಕಾಲು ಕಟಕಟ ಅಂತಾವ, ಡಾಕ್ಟ್ರು ಸವದಾವು ಅಂದ್ರು, ಅದಕ್ಕ ಹುಬ್ಬಳ್ಳಿ ದುರ್ಗದಬೈಲ್ ಕಡೆ ಅಂಗಡ್ಯಾಗ ಎರಡೂ ಡಬ್ಬಿ ಹಿಡ್ಕೊಂಡು ನಿಂತಿದ್ದೆ. ಅಡಗಿ ಅರಿಶಿಣದಾಗ ಕರ್ಕ್ಯುಮಿನ್ ಅನ್ನೋ ಕೆಲಸ ಮಾಡೋ ಅಂಶ ನೂರಕ್ಕ 3ರಷ್ಟು ಇದ್ರ ಹೆಚ್ಚು, ಅದೂ ಮೈಗೆ ಹತ್ತೂದು ಕಡಿಮಿ, ಅದಕ್ಕ ಗುಳಗ್ಯಾಗ ಕರಿಮೆಣಸಿನ ಪೈಪರಿನ್ ಸೇರಸ್ತಾರ. ರಕ್ತ ತೆಳು ಮಾಡೋ ಗುಳಗಿ ತಗೊಳ್ಳೋರು, ಪಿತ್ತಕೋಶದಾಗ ಹರಳು ಇದ್ದೋರು ಡಾಕ್ಟ್ರನ್ನ ಕೇಳದ ಮುಟ್ಟಬ್ಯಾಡ್ರಿ. ಶಲ್ಲಕಿ ಅಂದ್ರ ಗಿಡದ ಅಂಟು, ಉರಿಯೂತ ಹೆಚ್ಚಸೋ 5-ಲಿಪಾಕ್ಸಿಜನೇಸ್ ಕಿಣ್ವಾನ ತಡೀತೈತಿ, 2014ರ ಕಾಕ್ರೇನ್ ವಿಮರ್ಶೆದಾಗ (ಬ್ಯಾರೆ ಬ್ಯಾರೆ ಅಧ್ಯಯನ ಕೂಡಿಸಿ ತೂಗಿ ನೋಡೋ ವರದಿ) ದಿನಕ್ಕ 100 ಮಿಲಿಗ್ರಾಂ ಶಲ್ಲಕಿ ಸಾರ 90 ದಿನ ತಗೊಂಡೋರಿಗೆ ನೋವು ಸ್ವಲ್ಪ ಇಳದಿತ್ತು. ಸವದದ್ದು ವಾಪಸ್ ಬೆಳಿತೈತಿ ಅಂತ ಎರಡರ ಮ್ಯಾಲೂ ಆಸೆ ಇಟ್ಕೋಬ್ಯಾಡ್ರಿ. ನಾ ಶಲ್ಲಕಿನ ತಂದೆ, ಅರಿಶಿಣ ಹೆಂಗೂ ಪಲ್ಯದಾಗ ಐತೆಲ್ಲ.